ಒಂದು ದಿನ ಮುಂಚಿನ ಡ್ಯೂಟಿ

ಪೂಜಿತಾ ತನ್ನ ಕಡೆಗೇ ನಡೆದು ಬರುವುದನ್ನು ಕಂಡು ರಂಗಸ್ವಾಮಿ ಮೆಲ್ಲಗೆ ಕಾಲ್ತೆಗೆಯಲು ನೋಡಿದ. ಅಷ್ಟರಲ್ಲಿ ಹುಡುಗಿ ಎದುರಿಗೇ ಬಂದು ನಿಂತಳು.

ಹಾಸನದ ಮೈದಾನದಲ್ಲಿ ಪೊಲೀಸ್ ಹುತಾತ್ಮರ ದಿನದ ಕವಾಯತು ಆಗತಾನೇ ಮುಗಿದಿತ್ತು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿಯಾಗಿತ್ತು, ಸ್ಮಾರಕಕ್ಕೆ ಹೂವಿಟ್ಟು ಜನ ಚದುರುತ್ತಿದ್ದರು. ಸತ್ತವರ ಮನೆಯವರಿಗೆ ಒಳಗೆ ಕುರ್ಚಿ, ರಂಗಸ್ವಾಮಿಗೆ ಗೇಟಿನ ಹೊರಗಿನ ಫುಟ್‌ಪಾತು. ಪೊಲೀಸ್ ಕೆಲಸದಿಂದ ನಿವೃತ್ತನಾದ ಮೇಲೂ ಕೆ. ಹೊಸಕೋಟೆಯಿಂದ ಬಸ್ಸು ಹತ್ತಿ ಪ್ರತಿ ವರ್ಷ ಬರುತ್ತಿದ್ದ. ಕರೆದವರಿಲ್ಲ, ಮಾತಾಡಿಸುವವರೂ ಇಲ್ಲ.

ಹದಿನಾಲ್ಕು ವರ್ಷದ ಹಿಂದೆ ಪೂಜಿತಾಳ ಅಪ್ಪ, ಹೆಡ್ ಕಾನ್‌ಸ್ಟೆಬಲ್ ವೀರಯ್ಯ, ಹೊಂಗಡಹಳ್ಳದ ಕಡೆಯ ಚೆಕ್‌ಪೋಸ್ಟಿನಲ್ಲಿ ಕಳ್ಳಮರದ ಲಾರಿಗೆ ಅಡ್ಡ ನಿಂತು ಅದರಡಿಯೇ ಸತ್ತ. ಲಾರಿ ಸಿಗಲಿಲ್ಲ. ಠಾಣೆಯಲ್ಲಿ ಯಾರಿಗೆ ಯಾವ ಡ್ಯೂಟಿ ಎಂದು ಬರೆಯುವ ರೈಟರ್ ಆಗ ಈ ರಂಗಸ್ವಾಮಿ. ಮಾರನೇ ದಿನಕ್ಕಿದ್ದ ವೀರಯ್ಯನ ಚೆಕ್‌ಪೋಸ್ಟ್ ಡ್ಯೂಟಿಯನ್ನು ಹೊಡೆದುಹಾಕಿ ಒಂದು ದಿನ ಮುಂಚೆಗೆ ಬರೆದವನು ಇವನೇ. ಪಕ್ಕದಲ್ಲಿ ‘ಕೋರಿಕೆ ಮೇರೆಗೆ’ ಎಂದೂ ಬರೆದಿದ್ದ. ಯಾರ ಕೋರಿಕೆ ಎಂದು ವಿಚಾರಣೆಯಲ್ಲಿ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ಮರಗಳ್ಳರ ಜೊತೆ ಶಾಮೀಲಾಗಿದ್ದಾನೆಂದು ಊರೇ ತೀರ್ಮಾನಿಸಿತು. ಸಾಕ್ಷಿಯಿಲ್ಲದೆ ಕೆಲಸ ಉಳಿಯಿತು, ಮಾನ ಉಳಿಯಲಿಲ್ಲ. ಮಗಳು ಸೌಜನ್ಯಳಿಗೆ ಬಂದ ಎರಡು ಸಂಬಂಧ ಇದೇ ಕಾರಣಕ್ಕೆ ಮುರಿದುಬಿದ್ದವು.

ಪೂಜಿತಾ ಮಾಹಿತಿ ಹಕ್ಕಿನಲ್ಲಿ ತೆಗೆಸಿದ ಆ ಡ್ಯೂಟಿ ಹಾಳೆಯ ನಕಲನ್ನು ಅವನ ಮುಖಕ್ಕೆ ಹಿಡಿದಳು.

“ಯಾರು ಕೇಳ್ಕಂಡ್ರು ಹೇಳಿ ರೈಟ್ರೇ. ಆ ಹೆಸ್ರು ಗೊತ್ತಾಗ್ದಂಗೇ ನಮ್ಮವ್ವ ಹೋಗ್ಬುಟ್ಳು.”

ರಂಗಸ್ವಾಮಿ ಪಕ್ಕಕ್ಕೆ ಸರಿದು ಹೊರಡಲು ನೋಡಿದ. ಅವಳು ಅಡ್ಡ ನಿಂತಳು.

“ಅಪ್ಪನ್ನ ಅವತ್ತು ಅಲ್ಲಿಗೆ ಹಾಕ್ಸಿದೋರು ಯಾವತ್ತೂ ಉದ್ಧಾರ ಆಗ್ಬಾರ್ದು.”

ಅವನು ತಟ್ಟನೆ ಕೈ ಅಡ್ಡ ಹಿಡಿದ. “ಹಂಗನ್ಬ್ಯಾಡ ಕಣವ್ವ. ಶಾಪ ಹಾಕದಾದ್ರೆ ನಂಗೇ ಹಾಕು.”

ಹುಡುಗಿ ಬಿಡಲಿಲ್ಲ. ಅವತ್ತು ಠಾಣೆಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಿ ಕೇಳುತ್ತೇನೆ, ಯಾರಾದರೂ ಕಂಡಿರುತ್ತಾರೆ ಎಂದಳು. ಕಂಡವರು ಒಬ್ಬಿಬ್ಬರು ಇದ್ದರು. ರಂಗಸ್ವಾಮಿ ಅವರ ಕಾಲು ಹಿಡಿದು ಬಾಯಿ ಮುಚ್ಚಿಸಿದ್ದ. ಈ ಹುಡುಗಿ ಕಣ್ಣೀರಿಟ್ಟರೆ ಅವರು ತಡೆಯುವುದಿಲ್ಲ.

ಅವನು ತಲೆ ಎತ್ತಿದ. “ಲಾರಿಯೋರೇ ಕೇಳಿದ್ರು. ನಾನೇ ಬರ್ದೆ. ಇನ್ಯಾರ್ನೂ ಕೇಳೋಕೋಗ್ಬ್ಯಾಡ.”

ಪೂಜಿತಾಳ ಕೈಯಲ್ಲಿದ್ದ ಮೊಬೈಲು ಅದನ್ನೆಲ್ಲ ದಾಖಲಿಸಿಕೊಂಡಿತ್ತು. ಅವಳು ಅವನ ಕಾಲ ಬುಡಕ್ಕೆ ಉಗಿದು ಮೈದಾನದೊಳಗಿದ್ದ ಪೊಲೀಸ್ ಸಾಹೇಬರ ಬಳಿ ಓಡಿದಳು. ಸ್ವಲ್ಪ ಹೊತ್ತಿಗೆ ಇಬ್ಬರು ಕಾನ್‌ಸ್ಟೆಬಲ್‌ಗಳು ಬಂದರು. ಸೌಜನ್ಯಳಿಗೆ ಇನ್ನು ಸಂಬಂಧ ಕುದುರುವ ಮಾತಿಲ್ಲ, ತಾನು ಮನೆಯಲ್ಲಿ ಸಾಯುವುದೂ ಅನುಮಾನ ಎಂದು ಲೆಕ್ಕ ಹಾಕುತ್ತ ರಂಗಸ್ವಾಮಿ ಜೀಪು ಹತ್ತಿದ. ದುಃಖ ಉಕ್ಕಿ ಬಂತು, ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಆ ಬೆಳಿಗ್ಗೆ, ಅಪ್ಪನ ಜೊತೆ ಠಾಣೆಗೆ ಬಂದಿದ್ದ ಐದು ವರ್ಷದ ಪೂಜಿತಾ ರೈಟರ ಮೇಜು ಹತ್ತಿ ಕೂತು, ನಾಳೆ ತನ್ನ ಹುಟ್ಟಿದಹಬ್ಬ, ಅಪ್ಪನ ನಾಳೆಯ ಡ್ಯೂಟಿಯನ್ನು ಇವತ್ತೇ ಹಾಕಿಬಿಡು ಮಾಮ ಎಂದು ಅವನ ಗಲ್ಲ ಹಿಡಿದು ಕೇಳಿಕೊಂಡಿದ್ದಳು.