ಸೀದ ಬೆಳ್ಳುಳ್ಳಿ

ಯಾರ ಮನೆಯಲ್ಲಿ ಬೆಳ್ಳುಳ್ಳಿ ಸೀದರೂ ಈಗಲೂ ನಾನು ಅವ್ವನ ದನಿಗಾಗಿ ಕಾಯುತ್ತೇನೆ.

ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವ್ವ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಮಲಗಿದಲ್ಲಿಂದಲೇ, ಬರೀ ವಾಸನೆ ಹಿಡಿದು ನನಗೆ ಅಡುಗೆ ಕಲಿಸುತ್ತಿದ್ದಳು. "ಎಣ್ಣಿ ಕಾದೈತಿ, ಸಾಸಿವಿ ಹಾಕು," ಎನ್ನುತ್ತಿದ್ದಳು. "ಬ್ಯಾಳಿ ತಳಾ ಹಿಡ್ಯಾಕತ್ತೈತಿ, ಕೈಯಾಡ್ಸು," ಎನ್ನುತ್ತಿದ್ದಳು. ಒಮ್ಮೆಯೂ ತಪ್ಪುತ್ತಿರಲಿಲ್ಲ.

ಆ ಮಧ್ಯಾಹ್ನ ಒಗ್ಗರಣೆಯ ಬೆಳ್ಳುಳ್ಳಿ ಕರ್ರಗೆ ಸೀದುಹೋಯಿತು. ಪಕ್ಕದ ಮನೆಯ ಮಾವಶಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದಳು. ನಾನು ಅವ್ವನ ಬೈಗುಳಕ್ಕೆ ಕಾದು ನಿಂತೆ.

ಅವ್ವ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಎಷ್ಟ್ ಛಲೋ ಘಮ್ ಅಂತೈತಿ, ಮಗಳ. ಇನ್ನ ನಿನಗ ಎಲ್ಲಾ ಬಂತು ಬಿಡು."

ನಾನು ಮಾವಶಿಯ ಮುಖ ನೋಡಿದೆ. ಅವಳು ಸುಮ್ಮನಿರು ಎಂಬಂತೆ ತಲೆಯಾಡಿಸಿ ಗ್ಯಾಸ್ ಆರಿಸಿದಳು.

"ಹೌದವ್ವಾ, ಛಲೋ ಆಗೈತಿ," ಎಂದೆ.

ಆಮೇಲೆ ಅವ್ವ ನನಗೆ ಏನನ್ನೂ ಹೇಳಿಕೊಡಲಿಲ್ಲ.