ಅರ್ಧ ಪದವಿಯ ಔತಣ

"ನನ್ನ ಮಗಳು ಗ್ರಾಜುಯೇಟ್ ಸ್ವಾಮೀ," ಎಂದು ಎವಾರಿಸ್ಟೊ ತನ್ನ ಅಂಗಡಿಗೆ ಟೈರು ಹಾಕಿಸಲು ಬಂದ ಅಪರಿಚಿತನಿಗೆ ಹೇಳುತ್ತಿದ್ದ. "ಅಗೋ, ಬಾಗಿಲಲ್ಲಿ ನಿಂತಿದ್ದಾಳಲ್ಲ, ಅವಳೇ. ಹೊಳೆಯಾಚೆ ಕಮ್ಯುನಿಟಿ ಕಾಲೇಜಿದೆಯಲ್ಲ, ಅಲ್ಲಿ ಓದಿದ್ದು. ಸೇಬು ಕೀಳೋಕೆ ಅಂತ ಮೆಕ್ಸಿಕೊದಿಂದ ಈ ಕಣಿವೆಗೆ ಬಂದ ನಮ್ಮ ವಂಶದಲ್ಲಿ ಇವಳೇ ಮೊದಲು."

ಬಂದವನು ಮೆಚ್ಚಿ ತಲೆಯಾಡಿಸಿ ಗಾಡಿ ಹತ್ತಿ ಹೋದ. ಯುರಿದಿಯಾ ಮಾತ್ರ ಬಾಗಿಲು ಬಿಟ್ಟು ಒಳಗೆ ಬರಲಿಲ್ಲ. ಅವಳ ಚೀಲದಲ್ಲಿ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭದ ಪ್ರವೇಶ ಚೀಟಿಗಳಿದ್ದವು. ಸಮಾರಂಭ ಈ ಶನಿವಾರ. ಇವತ್ತು ಹೇಳದಿದ್ದರೆ ಅಪ್ಪ ಅಮ್ಮ ಇಲ್ಲದೆ ಒಬ್ಬಳೇ ವೇದಿಕೆ ಹತ್ತಬೇಕು. ಹೇಳಿದರೆ, ಅಪ್ಪ ಇಷ್ಟು ದಿನ ಎದೆಯುಬ್ಬಿಸಿ ಊರಿಗೆಲ್ಲ ಸಾರಿದ ಮಾತು ಸುಳ್ಳಾಗುತ್ತದೆ.

ತಪ್ಪು ಯಾರದೂ ಅಲ್ಲ. ಕಮ್ಯುನಿಟಿ ಕಾಲೇಜಿನ ಎರಡು ವರ್ಷ ಮುಗಿದಾಗ ಅಲ್ಲಿಯೂ ನಿಲುವಂಗಿ ತೊಡಿಸಿದ್ದರು, ಚೌಕದ ಟೋಪಿ ಕೊಟ್ಟಿದ್ದರು, ಟೋಪಿಯ ಕುಚ್ಚನ್ನು ಬಲದಿಂದ ಎಡಕ್ಕೆ ಸರಿಸಿಕೊಳ್ಳಲು ಹೇಳಿದ್ದರು. ಕುಚ್ಚು ಸರಿದದ್ದೇ ತಡ, ಎವಾರಿಸ್ಟೊ ಕುರ್ಚಿಯ ಮೇಲೆ ಹತ್ತಿ ನಿಂತು ತುತ್ತೂರಿ ಊದಿದ್ದ. ಸಂಜೆ ಹಿತ್ತಲಲ್ಲಿ ತಾಮ್ರದ ಹಂಡೆಯಿಟ್ಟು, ಇಡೀ ಹಂದಿ ಬೇಯಿಸಿ ಬೀದಿಗೆಲ್ಲ ಊಟ ಹಾಕಿದ್ದ. ಇದು ಅರ್ಧ ದಾರಿಯಷ್ಟೇ, ಬ್ಯಾಚುಲರ್ ಪದವಿಗೆ ಇನ್ನೂ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಬೇಕು ಎಂದು ಹೇಳಲು ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಪ್ಪ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಬೇಸಿಗೆ ಕಳೆದ ಮೇಲೆ, ಪಟ್ಟಣದಲ್ಲಿ ಆಫೀಸು ಕೆಲಸ ಸಿಕ್ಕಿದೆ ಎಂದಳು. ಅದು ಪೂರ್ತಿ ಸುಳ್ಳೂ ಅಲ್ಲ. ಪಾಠಗಳ ನಡುವೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳು ಕೆಲಸ ಮಾಡುತ್ತಿದ್ದಳು.

ಈಗ ಅಂಗಡಿಯಲ್ಲಿ ಅಪ್ಪನ ಜೊತೆ ಉಳಿದವನು ಅವನ ಹಳೆಯ ಗೆಳೆಯ ಫೆರ್ಮಿನ್ ಒಬ್ಬನೇ. ಚರ್ಚಿನಲ್ಲಿ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ಅವಳನ್ನು ಎತ್ತಿಕೊಂಡು ನಿಂತವನು ಅವನು, ಅವನೆದುರು ಮುಚ್ಚುಮರೆಯೇನಿಲ್ಲ.

"ಅಪ್ಪಾ, ಶನಿವಾರ ಅಂಗಡಿ ಮುಚ್ಚು."

"ಶನಿವಾರವಾ? ತಲೆ ಕೆಟ್ಟಿದೆಯೇನೇ? ಈ ಕಣಿವೆಯ ಗಾಡಿಗಳೆಲ್ಲ ಕೆಡೋದೇ ಶನಿವಾರ."

"ನನಗೆ ಪದವಿ ಕೊಡ್ತಾರೆ, ವಿಶ್ವವಿದ್ಯಾಲಯದಲ್ಲಿ. ಆಫೀಸಿಗೆ ಅಂತ ಹೋಗ್ತಿದ್ದೆನಲ್ಲ, ಓದೋಕೆ ಹೋಗ್ತಿದ್ದೆ. ಮೊದಲು ಬಂದದ್ದು ಅರ್ಧ ಅಷ್ಟೇ ಅಪ್ಪಾ. ಪೂರ್ತಿ ಆಗಿದ್ದು ಈಗ."

ಎವಾರಿಸ್ಟೊ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ, ಎಲ್ಲಿ ಗುಳ್ಳೆ ಏಳುತ್ತದೆಂದು ತಿರುಗಿಸಿ ನೋಡುತ್ತಿದ್ದ. ತಲೆಯೆತ್ತಲಿಲ್ಲ.

"ಅಂದ್ರೆ, ಅರ್ಧ ಪದವಿಗೆ ನಾನು ಪೂರ್ತಿ ಹಂದಿ ಕಡಿದೆನಾ?"

"ನೀನು ಕಡಿದೆ, ನಾವು ತಿಂದ್ವಿ," ಎಂದ ಫೆರ್ಮಿನ್. "ಈಗ ಅರ್ಧ ವಾಪಸ್ ಕೇಳ್ಬೇಡ ಮಾರಾಯ."

ಯುರಿದಿಯಾಗೆ ನಗು ಬರಲಿಲ್ಲ. "ತಪ್ಪಾಯ್ತಪ್ಪಾ. ಅದು ಬರೀ ಕಮ್ಯುನಿಟಿ ಕಾಲೇಜು ಅಂತ ಅವತ್ತೇ ಹೇಳಬೇಕಿತ್ತು ನಾನು."

ಟ್ಯೂಬು ಕೈಜಾರಿ ತೊಟ್ಟಿಗೆ ಬಿತ್ತು.

"ಬರೀ? ಬರೀ ಅಂದ್ರೇನೇ?" ಎವಾರಿಸ್ಟೊ ಎದ್ದು ನಿಂತ. "ಹಗಲೆಲ್ಲ ಶೆಡ್ಡಿನಲ್ಲಿ ಸೇಬು ಆರಿಸಿ, ಸಂಜೆ ನೀನು ಬರೋ ಹೊತ್ತಿಗೆ ಯಾವ ವಿಶ್ವವಿದ್ಯಾಲಯ ನಿನಗೋಸ್ಕರ ದೀಪ ಹಚ್ಕೊಂಡು ಕೂತಿತ್ತು? ಆ ಕಾಲೇಜು ಕೂತಿತ್ತು. ಶೆಡ್ಡಿನ ಬೂಟು ಹಾಕ್ಕೊಂಡೇ ಒಳಗೆ ಹೋಗ್ತಿದ್ದೆಯಲ್ಲ, ಯಾರಾದ್ರೂ ತಡೆದ್ರಾ? ಅಲ್ಲಿ ಕಲಿತದ್ದು ಗಟ್ಟಿ ಇತ್ತು ಅಂತ್ಲೇ ತಾನೇ, ಆ ದೊಡ್ಡೋರು ನಿನ್ನನ್ನ ಮಣ್ಣು ವಿಜ್ಞಾನಕ್ಕೆ ನೇರ ಮೂರನೇ ವರ್ಷಕ್ಕೇ ಕೂರಿಸ್ಕೊಂಡಿದ್ದು? ಬರೀ ಅಂತೆ!"

ಯುರಿದಿಯಾ ಅಪ್ಪನ ಮುಖವನ್ನೇ ನೋಡಿದಳು.

"ಮಣ್ಣು ವಿಜ್ಞಾನ ಅಂತ ನಾನು ಯಾವಾಗ ಹೇಳಿದೆ?"

ಎವಾರಿಸ್ಟೊ ಸರಕ್ಕನೆ ಬಗ್ಗಿ ತೊಟ್ಟಿಯಲ್ಲಿ ಟ್ಯೂಬು ಹುಡುಕತೊಡಗಿದ. ಫೆರ್ಮಿನ್ ಜಾಕು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಯ್ತು! ಇಷ್ಟು ವರ್ಷ ಬಾಯಿ ಕಟ್ಕೊಂಡಿದ್ದೋನಿಗೆ ಇನ್ನೊಂದು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವಲ್ಲೋ!"

ನಕ್ಕು ಸುಸ್ತಾದ ಮೇಲೆ ಅವನೇ ಹೇಳಿದ. ಔತಣದ ಮುಂದಿನ ತಿಂಗಳೇ ಕಮ್ಯುನಿಟಿ ಕಾಲೇಜಿನ ಗಣಿತದ ಮೇಡಂ ಟೈರು ಬದಲಿಸಲು ಬಂದಿದ್ದರಂತೆ. ನಿಮ್ಮ ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಮಣ್ಣು ವಿಜ್ಞಾನಕ್ಕೆ ಸೀಟು ಸಿಕ್ಕಿದ್ದು ನಮಗೆಲ್ಲ ಹೆಮ್ಮೆ ಎಂದು ಎವಾರಿಸ್ಟೊನ ಗ್ರೀಸು ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದರಂತೆ. "ಅವತ್ತು ನಿಮ್ಮಪ್ಪ ಕೈಯೇ ತೊಳೀಲಿಲ್ಲ," ಎಂದ ಫೆರ್ಮಿನ್. "ಹಾಗೇ ಊಟ ಮಾಡಿದ, ಕೊಳಕ."

"ಮತ್ತೆ ದಿನಾ ಬೆಳಿಗ್ಗೆ 'ಏಳೇ, ಆಫೀಸಿಗೆ ಹೊತ್ತಾಯ್ತು' ಅಂತ ಎಬ್ಬಿಸ್ತಿದ್ದೆಯಲ್ಲಪ್ಪಾ!" ಯುರಿದಿಯಾಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. "ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

ಎವಾರಿಸ್ಟೊ ಅಂಗಿಗೆ ಕೈ ಒರೆಸಿಕೊಂಡ. ಅವಳು ನೀಡಿದ ಚೀಟಿಗಳನ್ನು ಕಲೆಯಾಗದಂತೆ ಅಂಚಿನಲ್ಲಷ್ಟೇ ಹಿಡಿದು ಬೆಳಕಿಗೆ ಎತ್ತಿ ನೋಡಿದ.

"ಕೇಳಿದ್ರೆ ನಿನಗೆ ಅದೂ ಒಂದು ಭಾರ," ಎಂದ. "ಓದೋಕೆ ಆಗದೆ ನಡುವೆ ಬಿಟ್ಟು ಬಂದಿದ್ರೆ, ನನಗೇನೂ ಗೊತ್ತಿಲ್ಲ ಅಂತ್ಲೇ ಇದ್ದುಬಿಡ್ತಿದ್ದೆ."