ಚಾವಣಿಯ ಸೆನ್ಸರ್, ಅಡುಗೆಮನೆಯ ಪ್ಲಗ್

ಒಂದೇ ತಿಂಗಳಲ್ಲಿ ಮೂರನೇ ಸಲ...

ಮಡಿವಾಳಪ್ಪ ಕಲಬುರಗಿಯಿಂದ ಎರಡು ಬಸ್ಸು ಬದಲಿಸಿ ಆ ಹಳ್ಳಿಯ ಶಾಲೆಗೆ ಬಂದಿದ್ದ. ಚಾವಣಿಯ ಮೇಲಿನ ಸಿಡಿಲು ಪತ್ತೆ ಮಾಡುವ ಸೆನ್ಸರ್ ಮತ್ತೆ ಬಂದ್ ಆಗಿತ್ತು. ಅದನ್ನು ನೋಡಿಕೊಳ್ಳುವುದೇ ಅವನ ಕೆಲಸ.

ಮೇಲೆ ಹತ್ತಿ ನೋಡುವ ಅಗತ್ಯವೇ ಇರಲಿಲ್ಲ... ಸೆನ್ಸರಿನ ಪ್ಲಗ್ ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಮಿಕ್ಸಿ ಗರ್ರನೆ ತಿರುಗುತ್ತಿತ್ತು.

ಬಿಸಿಯೂಟದ ಚಂದಮ್ಮ ತಣ್ಣಗೆ ಹೇಳಿದಳು, "ನಮ್ಮೂರಾಗ ಸಿಡ್ಲು ಬೀಳಂಗಿಲ್ರಿ ಸಾಹೇಬ್ರ. ನೂರಾ ಎಂಬತ್ತು ಹುಡುಗರಿಗಿ ಖಾರ ರುಬ್ಬಬೇಕಲ್ಲ."

ಅವನ ತಲೆ ಕೆಟ್ಟುಹೋಯಿತು. ಮುಟ್ಟಬೇಡ ಅಂತ ಎರಡು ಸಲ ಬೈದು ಹೋಗಿದ್ದ. ಪ್ಲಗ್ಗಿಗೆ ಇಂಗ್ಲಿಷಿನಲ್ಲಿ ಸ್ಟಿಕ್ಕರ್ ಅಂಟಿಸಿದ್ದ. ಹೆಡ್‌ಮಾಸ್ಟರಿಗೆ ಲೆಟರ್ ಕೊಟ್ಟಿದ್ದ. ಇನ್ನೇನು ಮಾಡಿ ಸಾಯಬೇಕು...?

ಸಿಟ್ಟಿನಲ್ಲೇ ಹೇಳತೊಡಗಿದ. ಸಿಡಿಲು ಹೊಡೆದಾಗ ರೇಡಿಯೋ ಅಲೆ ಏಳುತ್ತದೆ. ಹತ್ತಿರದ ಸೆನ್ಸರಿಗೆ ಅದು ಮೊದಲು ಮುಟ್ಟುತ್ತದೆ, ದೂರದ್ದಕ್ಕೆ ಒಂಚೂರು ತಡವಾಗಿ. ನಾಲ್ಕೈದು ಊರಿನ ಸೆನ್ಸರುಗಳ ಆ ವ್ಯತ್ಯಾಸ ನೋಡಿಯೇ ಸಿಡಿಲು ಎಲ್ಲಿ ಬಿತ್ತೆಂದು ಕಂಡುಹಿಡಿಯುವುದು. ಒಂದು ಬಂದ್ ಆದರೂ ಜಾಗ ತಪ್ಪಬಹುದು... ಯಾರಿಗೆ ಹೋಗಬೇಕೋ ಅವರಿಗೇ ಎಚ್ಚರಿಕೆ ಹೋಗದಿರಬಹುದು.

"ಇದು ಬರೇ ನಿಮ್ಮೂರಿಗಲ್ಲ ಯವ್ವಾ. ನೂರು ಕಿಲೋಮೀಟರ್ ದೂರದ ಮಂದಿ ಸಲುವಾಗಿ ಅದ."

ಚಂದಮ್ಮ ಮಿಕ್ಸಿ ನಿಲ್ಲಿಸಿದಳು.

ಎರಡು ವರ್ಷದ ಹಿಂದೆ ಅವಳ ತಂಗಿ ಸಿಂದಗಿ ಕಡೆ ಹತ್ತಿ ಬಿಡಿಸಲು ಹೋಗಿದ್ದಳು. ಹೊಲದಲ್ಲೇ ಸಿಡಿಲು ಬಡಿದು ಸತ್ತಳು. ಯಾರ ಫೋನಿಗೂ ಎಚ್ಚರಿಕೆ ಬಂದಿರಲಿಲ್ಲ.

"ಅವತ್ತ ಯಾವ ಊರಾಗ, ನನ್ನಂಥಾಕಿ ಯಾರು ಪ್ಲಗ್ ಕಿತ್ತಿದ್ಳೋ..." ಎಂದಳು.

ಮಡಿವಾಳಪ್ಪ ಎರಡು ಸಲ ಬಂದು ಕೂಗಾಡಿದ್ದ... ಇಷ್ಟನ್ನು ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ. ಓದಲು ಬಾರದವಳಿಗೆ ಇಂಗ್ಲಿಷ್ ಸ್ಟಿಕ್ಕರ್ ಬೇರೆ!

ಬ್ಯಾಗಿನಿಂದ ವೈರು, ಬೋರ್ಡು ತೆಗೆದು ಮಿಕ್ಸಿಗೆ ಬೇರೆ ಪಾಯಿಂಟ್ ಹಾಕಿಕೊಟ್ಟ. ಇಪ್ಪತ್ತು ನಿಮಿಷದ ಕೆಲಸ.

ಸೆನ್ಸರ್ ಶುರುವಾದ ಮೇಲೆ ಮೊಬೈಲ್ ತೋರಿಸಿದ. ನಕ್ಷೆಯಲ್ಲಿ ದೂರದಲ್ಲೆಲ್ಲೋ, ಸಿಡಿಲು ಬೀಳುತ್ತಿದ್ದ ಕಡೆ ಕೆಂಪು ಚುಕ್ಕಿಗಳು... ಇಬ್ಬರೂ ಹೆಸರೇ ಕೇಳದ ಹಳ್ಳಿಗಳು. ಅಲ್ಲಿಯವರಿಗೆ ಈಗ ಮೆಸೇಜ್ ಹೋಗಿದೆ ಎಂದ.

ಚಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಲಗೂನ ಮನಿ ಸೇರ್ರೆವ್ವಾ..." ಎಂದು ಆ ಚುಕ್ಕಿಗಳಿಗೇ ಹೇಳಿದಳು.

ಹೊಸ ಚುಕ್ಕಿ ಮೂಡುವುದು ನಿಲ್ಲುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಅವತ್ತು ಮಕ್ಕಳ ಊಟ ಅರ್ಧ ಗಂಟೆ ತಡವಾಯಿತು.


ಬೈಗುಳ ಕಿವಿಗೆ ಮುಟ್ಟುತ್ತದೆ, ಕಾರಣ ಮನಸ್ಸಿಗೆ ಮುಟ್ಟುತ್ತದೆ.

ನೀವು ದಿನಾ ಬೈಯುವವರಿಗೆ, "ಯಾಕೆ" ಅನ್ನೋದನ್ನ ಒಮ್ಮೆಯಾದರೂ ಕೂತು ಹೇಳಿದ್ದೀರಾ...?